ಸಾಕು ಎಂಬ ಎರಡಕ್ಷರ

ಮೊಳೆಗೆ ಆ ಹೆಸರಿಟ್ಟವಳು ಅತ್ತೆ. ಮೂರು ವರ್ಷದ ಮಗುವಾಗಿದ್ದಾಗ ಅವಳು ಎಷ್ಟು ಸಣಕಲಾಗಿದ್ದಳೆಂದರೆ ತಲೆಯೊಂದು ದಪ್ಪ, ಮಿಕ್ಕಿದ್ದೆಲ್ಲ ಬರೀ ಕಡ್ಡಿ. ಅತ್ತೆ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, "ಇದೇನು ಮಗುನಾ, ಗೋಡೆಗೆ ಹೊಡೆಯೋ ಮೊಳೇನಾ?" ಎಂದು ನಕ್ಕಿದ್ದಳಂತೆ. ಹೆಸರು ಅಂಟಿಕೊಂಡುಬಿಟ್ಟಿತು. ವಿನ್ಯಾಸ ಕಾಲೇಜಿಗೆ ಸೇರಿದ ಮೇಲೂ ಬಿಡಲಿಲ್ಲ. ಅಕ್ಷರ ವಿನ್ಯಾಸ ಕಲಿಸುವ ಮೇಷ್ಟ್ರ ಕಿವಿಗೆ ಅದು ಬಿದ್ದಾಗ ಅವರು ಬಾಯ್ತುಂಬ ನಕ್ಕರು. "ಹಳೇ ಅಚ್ಚುಕೂಟದವರು ಸೀಸದ ಅಕ್ಷರಕ್ಕೆ ಏನಂತಿದ್ರು ಗೊತ್ತಾ? ಮೊಳೆ ಅಂತಾನೇ. ನೀನು ದಾರಿ ತಪ್ಪಿ ಎಲ್ಲಿಗೂ ಬಂದಿಲ್ಲ ಬಿಡಮ್ಮ."

ಅತ್ತೆ ರಕ್ತಸಂಬಂಧದಲ್ಲಿ ಅತ್ತೆಯೇನೂ ಆಗಬೇಕಿರಲಿಲ್ಲ. ಅವಳು ಸಿಟಿ ಬಸ್ಸಿನ ಡ್ರೈವರು. ಮೊಳೆಯ ಅಮ್ಮ ಅದೇ ಮಹಡಿಯಲ್ಲಿ ಎದುರು ಬಾಗಿಲಿನವಳು. ಕಾಯಿಲೆ ಬಿದ್ದು ಆಕೆ ತೀರಿಕೊಂಡಾಗ ಮಗುವನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ. ಅತ್ತೆ ಎತ್ತಿಕೊಂಡು ತನ್ನ ಮನೆಗೆ ಬಂದಳು. ಆಮೇಲೆ ಕೆಳಗಿಳಿಸಲೇ ಇಲ್ಲ ಎಂದು ಆ ಮಹಡಿಯ ಜನ ಈಗಲೂ ಹೇಳುತ್ತಾರೆ. ಆದರೆ "ಅಮ್ಮ" ಎಂದು ಕರೆಸಿಕೊಳ್ಳಲು ಅವಳು ಸುತರಾಂ ಒಪ್ಪಲಿಲ್ಲ. "ಅಮ್ಮ ಅನ್ನೋಳು ಇದ್ಲು ನಿಂಗೆ. ಅವಳ ಜಾಗದಲ್ಲಿ ಕೂರೋಕೆ ನಾನ್ಯಾರು? ಅತ್ತೆ ಅನ್ನು, ಧಾರಾಳವಾಯ್ತು."

ಇಂಥ ಅತ್ತೆಗೆ ಒಂದು ಸಲವಾದರೂ ಬಾಯಿಬಿಟ್ಟು ಕೃತಜ್ಞತೆ ಹೇಳಬೇಕೆಂದು ಮೊಳೆಗೆ ಎಷ್ಟೋ ಸಲ ಅನ್ನಿಸಿತ್ತು. ಹೇಳಲು ಅವಳು ಬಿಡಬೇಕಲ್ಲ! ಕಾಲೇಜಿನ ಸೀಟು ಸಿಕ್ಕಿದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ನೀನು ಇಲ್ದೇ ಹೋಗಿದ್ರೆ ನಾನು..." ಎಂದು ಶುರು ಮಾಡಿದ್ದಳು ಅಷ್ಟೆ. "ಸಾಕು, ಸಾಕು. ಹಾಲು ಉಕ್ಕತ್ತೆ ನೋಡು" ಎಂದುಬಿಟ್ಟಳು ಅತ್ತೆ. ಹಾಲು ಇನ್ನೂ ಬಿಸಿಯೂ ಆಗಿರಲಿಲ್ಲ.

ಎರಡನೇ ವರ್ಷದ ನಡುವಿನಲ್ಲಿ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಈ ಮೇಷ್ಟ್ರು ಕನ್ನಡಕವನ್ನು ಸದಾ ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ತಡಕಾಡುವವರು. ಹುಡುಗರ ಬಾಯಲ್ಲಿ ಅವರು ಹಣೆಗಣ್ಣು ಮೇಷ್ಟ್ರು.

"ನಿಮ್ಮ ಮನೇಲಿ ದಿನಾ ಕಿವಿಗೆ ಬೀಳೋ ಒಂದು ಮಾತು ಆರಿಸ್ಕೊಳ್ಳಿ," ಎಂದರು. "ಒಂದೇ ಒಂದು. ಚಿತ್ರ ಬರೆಯೋ ಹಾಗಿಲ್ಲ. ಬಣ್ಣ ಬಳಿಯೋ ಹಾಗಿಲ್ಲ. ಕರೀ ಶಾಯಿ, ಬಿಳೀ ಹಾಳೆ. ಆ ಮಾತಿನ ಅರ್ಥ ಅಕ್ಷರದ ಮೈಯಲ್ಲೇ ಕಾಣ್ಬೇಕು."

ಮಾತು ಅರ್ಥವಾಗಲೆಂದು ಹಿಂದಿನ ವರ್ಷದವರು ಮಾಡಿದ ಹಾಳೆಗಳನ್ನು ಗೋಡೆಗೆ ಚುಚ್ಚಿದರು. ಒಂದರಲ್ಲಿ 'ಭಾರ' ಎಂಬ ಪದ ಹಾಳೆಯ ತಳಕ್ಕೆ ಕುಸಿದು ಕೂತಿತ್ತು, ಭಾ ಅಕ್ಷರದ ಹೊಟ್ಟೆ ನೆಲಕ್ಕೆ ಒತ್ತಿಕೊಂಡಂತೆ. ಇನ್ನೊಂದು ಹಾಳೆ ಖಾಲಿಯೆಂದೇ ಎಲ್ಲರೂ ಅಂದುಕೊಂಡರು. ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದರೆ ನಡುವೆ ಎಳ್ಳುಕಾಳಿನಷ್ಟು ಚಿಕ್ಕದಾಗಿ 'ಗುಟ್ಟು' ಎಂದಿತ್ತು. "ಗುಟ್ಟು ಕೇಳೋಕೆ ಹತ್ರ ಬರ್ಲೇಬೇಕಲ್ಲಪ್ಪ," ಎಂದರು ಮೇಷ್ಟ್ರು. ಮೊಳೆಗೆ ಮೈ ಜುಮ್ಮೆಂದಿತು. ಅಕ್ಷರ ಹೀಗೂ ಮಾತಾಡುತ್ತದೆಯೇ ಎನ್ನಿಸಿತು.

ಯಾವ ಮಾತು ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಮಾತು ಒಂದೇ, 'ಸಾಕು'. ಆ ಸಂಜೆಯೇ ದೊಡ್ಡ ಚಪ್ಪಟೆ ಬ್ರಶ್ ಹಿಡಿದು ಕೂತಳು. ಸಾ, ಕು ಎರಡನ್ನೂ ಕಲ್ಲುಚಪ್ಪಡಿಯಂತೆ ದಪ್ಪಗೆ ಬರೆದು, ನಡುವೆ ಗಾಳಿಯಾಡಲೂ ಜಾಗ ಬಿಡದೆ, ಹಾಳೆಯ ನಾಲ್ಕೂ ಅಂಚಿಗೆ ಮುಟ್ಟಿಸಿದಳು. ನೋಡಿದವರ ಮುಖಕ್ಕೆ ಬಾಗಿಲು ಬಡಿದಂತಿತ್ತು. ಅವಳಿಗೆ ತುಂಬ ಹಿಡಿಸಿತು.

ಮರುದಿನ ಎಲ್ಲರ ಹಾಳೆಗಳೂ ಗೋಡೆಯೇರಿದವು. ಒಬ್ಬರದನ್ನು ಇನ್ನೊಬ್ಬರು ನೋಡಿ ತೋಚಿದ್ದು ಹೇಳಬೇಕು, ಅದು ತರಗತಿಯ ಕ್ರಮ. ಮೊಳೆಯ ಹಾಳೆಯ ಮುಂದೆ ನಿಂತವನು ಏಣಿ. ಇಡೀ ಕಾಲೇಜಿನಲ್ಲಿ ಟ್ಯೂಬ್‌ಲೈಟಿಗೆ ತಲೆ ತಾಗುವವನು ಅವನೊಬ್ಬನೇ ಆದ್ದರಿಂದ ಆ ಹೆಸರು.

"ಯಾಕಿಷ್ಟು ದಪ್ಪ?" ಎಂದ ಏಣಿ ತಲೆ ಕೆರೆದುಕೊಂಡು. "ಸಾಕೋದು ಅಂದ್ರೆ ಮೆತ್ತಗಿರ್ಬೇಕಲ್ವಾ? ನಮ್ಮನೇಲಿ ಬೆಕ್ಕು ಸಾಕಿದೀವಿ. ಹಿಂಗೆ ಸಾಕಿದ್ರೆ ಅದು ಓಡೇ ಹೋಗತ್ತೆ."

ತರಗತಿ ಗೊಳ್ಳೆಂದಿತು. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದೇನೂ ಅಲ್ಲ. ಆ ಪದವನ್ನು ಅವನು ನಿಜವಾಗಿಯೇ ಹಾಗೆ ಓದಿಕೊಂಡಿದ್ದ. ಆದರೆ ಮೊಳೆಯ ಮುಖ ಸಪ್ಪಗಾಯಿತು. ಇನ್ನಿಲ್ಲ ಎಂದು ಅವಳು ಹೂತಿಟ್ಟಿದ್ದ ಮಾತು ಅದು. ಚಿಕ್ಕ ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು, "ಸಾಕಿದ ನಾಯಿ, ಸಾಕಿದ ಗಿಣಿ, ಸಾಕಿದ ಹುಡುಗಿ" ಎಂದು ರಾಗವಾಗಿ ಹಾಡುತ್ತಿದ್ದರು. ಯಾರಾದರೂ ದೊಡ್ಡವರು "ಇವಳು ಸಾಕು ಮಗಳಂತೆ" ಎಂದು ಪಿಸುಗುಟ್ಟಿದರೆ ಅವಳ ಕಿವಿ ಸುಡುತ್ತಿತ್ತು. ಅವಳ ಪಾಲಿಗೆ 'ಸಾಕು' ಎಂದರೆ ಇನ್ನು ಬೇಡ ಎಂಬ ಒಂದೇ ಅರ್ಥ. ಇನ್ನೊಂದು ಅರ್ಥ ಅದೇ ಎರಡಕ್ಷರದೊಳಗೆ ಕೂತಿರುವುದು ಬರೆಯುವಾಗ ಹೊಳೆದೇ ಇರಲಿಲ್ಲ.

ತರಗತಿ ಖಾಲಿಯಾದ ಮೇಲೆ ಅವಳು ಮೇಷ್ಟ್ರ ಮೇಜಿನ ಬಳಿ ಹೋದಳು. "ಸರ್, ನಾನು ಪದ ಬದಲಾಯಿಸ್ಲಾ?"

"ಧಾರಾಳವಾಗಿ. ಯಾಕೆ?"

ಮೊಳೆ ಹಿಂದುಮುಂದು ನೋಡಿ, ಕಡೆಗೆ ಎಲ್ಲವನ್ನೂ ಹೇಳಿದಳು. ಅತ್ತೆ, ಎದುರು ಮನೆ, ಶಾಲೆಯ ಹಾಡು. ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ, ಅಯ್ಯೋ ಪಾಪ ಎಂಬಂತೆ ಮುಖ ಮಾಡಲೂ ಇಲ್ಲ. ಅದಕ್ಕೇ ಅವಳಿಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು. ಅವರು ಎದ್ದು ಅವಳ ಹಾಳೆಯನ್ನು ಗೋಡೆಯಿಂದ ಬಿಡಿಸಿ ತಂದರು.

"ನಿಮ್ಮತ್ತೆ ಸಾಕು ಅನ್ನೋವಾಗ ಹೀಗೆ ಕಿರುಚ್ತಾರಾ?"

"ಇಲ್ಲ ಸರ್. ಮೆಲ್ಲಗೇ ಅಂತಾರೆ."

"ಹಾಗಾದ್ರೆ ಇದು ಯಾರ ದನಿ?"

ಮೊಳೆಗೆ ಉತ್ತರ ಗೊತ್ತಿತ್ತು. ಅಷ್ಟು ವರ್ಷಗಳ ಹಿಂದೆ ಆ ಸಾಲು ಮಕ್ಕಳಿಗೆ ಅವಳು ಹೇಳಬೇಕೆಂದಿದ್ದ 'ಸಾಕು' ಅದು.

"ಪದ ಬಿಡೋದು ಇಟ್ಕೊಳ್ಳೋದು ನಿನ್ನಿಷ್ಟ," ಎಂದರು ಮೇಷ್ಟ್ರು. "ಬಿಡೋ ಮುಂಚೆ ಒಂದು ವಾರ ಸುಮ್ನೆ ಕೇಳಿಸ್ಕೋ. ಬರೀಬೇಡ. ನಿಮ್ಮತ್ತೆ ಬಾಯಲ್ಲಿ ಅದು ಯಾವ ಆಕಾರದಲ್ಲಿ ಬರತ್ತೆ, ಅಷ್ಟೇ ನೋಡು."

ಅವತ್ತು ಸಂಜೆ ಅತ್ತೆ ಪಾಳಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟು ಕೂತಿದ್ದಳು. ಮೊಳೆ ನೇರವಾಗಿ ಕೇಳಿಯೇಬಿಟ್ಟಳು. "ಅತ್ತೆ, ನೀನ್ಯಾಕೆ ಎಲ್ಲದಕ್ಕೂ ಸಾಕು ಸಾಕು ಅಂತೀಯ?"

"ಅಂತೀನಾ?" ಅತ್ತೆಗೆ ನಿಜವಾಗಿಯೂ ಅಚ್ಚರಿ. "ನನ್ನ ಬಾಯಲ್ಲಿ ಬರೋದು 'ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ' ಅಷ್ಟೇ ಅನ್ಕೊಂಡಿದ್ದೆ."

ಅಲ್ಲಿಂದ ಮೊಳೆಯ ಕಿವಿ ನೆಟ್ಟಗಾಯಿತು. ಊಟಕ್ಕೆ ಕೂತಾಗ ಅತ್ತೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕು" ಎನ್ನುವಳು. ಪಾತ್ರೆಯಲ್ಲಿ ಉಳಿದದ್ದು ಮೊಳೆಯ ತಟ್ಟೆಗೆ ಬರುವುದು. ಚಳಿಗಾಲಕ್ಕೆ ಹೊಸ ಸ್ವೆಟರ್ ಕೊಳ್ಳೋಣವೆಂದರೆ ಹಳೆಯದರ ತೋಳು ಎಳೆದು ತೋರಿಸಿ "ಸಾಕು" ಎನ್ನುವಳು. ಭುಜ ಒತ್ತಲು ಕೂತರೆ ಕಣ್ಣು ಮುಚ್ಚಿ ಹಾಯಾಗಿ ಉಸಿರು ಬಿಟ್ಟು, ಮರುಗಳಿಗೆಯಲ್ಲೇ "ಸಾಕು ಬಿಡು, ನಿನ್ನ ಕೈ ನೋಯತ್ತೆ" ಎನ್ನುವಳು. ಮೊಳೆ ಇಷ್ಟು ವರ್ಷ ಕೇಳಿಯೂ ಕೇಳದ ಮಾತು. ಬೇಡ ಎನ್ನುವ ಮಾತಿನ ಹಿಂದೆ ಪ್ರತಿ ಸಲವೂ ಮೊಳೆಗೇ ಏನೋ ಒಂದು ದಕ್ಕುತ್ತಿತ್ತು.

ವಾರದ ಕೊನೆಗೆ ಬರೆಯಲು ಕೂತಾಗ ತೆಳ್ಳಗೆ ಬರೆದಳು. ಹಾಳೆಯ ಮೂಲೆಯಲ್ಲಿ, ಜಾಗ ಬಿಟ್ಟುಕೊಟ್ಟು ಸರಿದು ನಿಂತವರಂತೆ ಎರಡು ಅಕ್ಷರ. ಮೇಷ್ಟ್ರು ಹಾಳೆ ನೋಡಿ, "ದನಿ ಈಗ ನಿಮ್ಮತ್ತೇದೇ. ಆದ್ರೆ ಸುಸ್ತಾದವರ ಹಾಗಿದೆ. ಅವರು ಸುಸ್ತಾದವರಾ?" ಎಂದರು. ಮೊಳೆಗೆ ನಗು ಬಂತು. ಇಡೀ ಡಿಪೋವನ್ನು ಬೆರಳಲ್ಲಿ ಕುಣಿಸುವ ಹೆಂಗಸು ಅತ್ತೆ! ಅವಳು ಹಾಳೆಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಅತ್ತೆಯ ರಜೆಯ ದಿನ ಇಬ್ಬರೂ ಚಪ್ಪಲಿ ಕೊಳ್ಳಲು ಪೇಟೆಗೆ ಹೋದರು. ದಾರಿಯುದ್ದಕ್ಕೂ ಅತ್ತೆ ಬೇರೆ ಡ್ರೈವರುಗಳಿಗೆ ಅಂಕ ಕೊಡುತ್ತಲೇ ನಡೆದಳು. "ನೋಡು, ತಿರುವಲ್ಲಿ ಹೆಂಗೆ ಎಳೀತಾನೆ, ಬಸ್ಸಾ ಅದು, ಎತ್ತಿನ ಗಾಡೀನಾ?" ಚೌಕದಲ್ಲಿ ರಸ್ತೆ ದಾಟಬೇಕು. ಮೊಳೆ ಏನೋ ಯೋಚಿಸುತ್ತ ಪಾದಚಾರಿ ಕಟ್ಟೆಯಿಂದ ಕೆಳಗೆ ಕಾಲಿಟ್ಟಳು. ಅದೇ ಹೊತ್ತಿಗೆ ಒಂದು ಸ್ಕೂಟರು ಸಂದಿನಿಂದ ನುಗ್ಗಿತು. ಅತ್ತೆಯ ತೋಳು ಚಾಚಿಕೊಂಡಿತು. ಭುಜದಿಂದ ಎದ್ದು, ಮೊಳೆಯ ಮುಂದೆ ಬಾಗಿ, ಅವಳ ಎದೆಯ ಆಚೆಗೆ ಇಳಿದು ನಿಂತಿತು. ಮೈಗೆ ತಾಗಲೂ ಇಲ್ಲ. ಸ್ಕೂಟರು ಹೋದ ಮೇಲೂ ತೋಳು ಅಲ್ಲೇ ಇತ್ತು. ಅತ್ತೆಯ ಮುಖ ಮಾತ್ರ ಬಲಗಡೆ, ಸಿಗ್ನಲ್ಲಿನ ಕಡೆ.

"ನಾನೇನು ಮಗುನಾ ಅತ್ತೆ?"

"ನಂಗೇನು ಗೊತ್ತು? ಕೈ ನನ್ನ ಮಾತು ಕೇಳಲ್ಲ ಕಣೇ, ಅದಕ್ಕದೇ ಚಾಚ್ಕೊಳತ್ತೆ."

ದೀಪ ಹಸಿರಾಯಿತು. ಹಿಂದಿನವರು ನೂಕುತ್ತ ಮುಂದೆ ಹೋದರು. ಮೊಳೆ ಅಲ್ಲಾಡಲಿಲ್ಲ. ಅತ್ತೆಯ ತೋಳಿನ ಬಾಗು ಅವಳ ಕಣ್ಣಲ್ಲಿ ಅಚ್ಚೊತ್ತಿ ನಿಂತಿತ್ತು. 'ಸ'ಗೆ ಇಳಿ ಕೊಟ್ಟರೆ ಸಾ. ತಲೆಯ ಬಲಗಡೆಯಿಂದ ಎದ್ದು ಬಾಗಿ ಕೆಳಗಿಳಿಯುವ ಆ ಗೆರೆ, ಒಂದನೇ ತರಗತಿಯಿಂದ ಬರೆದುಕೊಂಡು ಬಂದ ಆ ಗೆರೆ, ಚಾಚಿದ ತೋಳಲ್ಲದೆ ಮತ್ತೇನು? ಅದರ ಪಕ್ಕದಲ್ಲೇ ನಿಂತಿದೆ ಕು, ತನ್ನ ಪುಟ್ಟ ಕೊಂಬು ಮುಂದೆ ಮಾಡಿಕೊಂಡು.

"ಏನೇ, ಕಾಲಿಗೆ ಬೇರು ಬಂತಾ?"

"ಗೆರೆ ಸಿಕ್ತು ಅತ್ತೆ!"

"ಚಪ್ಪಲಿ ಸಿಕ್ಕಿದ್ರೆ ಚೆನ್ನಾಗಿತ್ತು," ಎಂದು ಗೊಣಗುತ್ತ ಅತ್ತೆ ಅವಳನ್ನು ದಾಟಿಸಿಕೊಂಡು ಹೋದಳು.

ಗೆರೆ ಸಿಕ್ಕಿತೆಂದರೆ ಅಕ್ಷರ ಸಿಕ್ಕಿತು ಎಂದೇನಲ್ಲ. ಸಾ ದೊಡ್ಡದಾಗಿ, ಕು ಚಿಕ್ಕದಾಗಿ, ಸಾ ಅಕ್ಷರದ ಇಳಿಯನ್ನು ಉದ್ದಕ್ಕೆ ಚಾಚಿ ಕು ಮೇಲೆ ಬಾಗಿಸಬೇಕು, ಇಷ್ಟು ಖಚಿತವಿತ್ತು. ಬರೆದರೆ ಒಂದೂ ಸರಿಬರದು. ಕಾಲೇಜಿನ ಉದ್ದ ಮೇಜಿನ ಮೇಲೆ, ಗೋಂದು ಮತ್ತು ಶಾಯಿಯ ವಾಸನೆಯ ನಡುವೆ, ಹಾಳೆಗಳು ರಾಶಿ ಬಿದ್ದವು. ಏಣಿ ಬಂದು ಇಣುಕಿದ. ಅಂದು ತರಗತಿ ನಕ್ಕ ಮೇಲೆ, ಅವಳು ಎದುರು ಬಂದರೆ ಅವನು ದಾರಿ ಬದಲಿಸುತ್ತಿದ್ದ.

"ಅವತ್ತು ಬಾಯಿ ಜಾರ್ತು ಕಣೇ," ಎಂದ ನೆಲ ನೋಡುತ್ತ. "ನಿಂಗೆ ಬೇಜಾರಾಗತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

"ನೀನು ಹಂಗೆ ಓದದೇ ಇದ್ದಿದ್ರೆ ನಾನು ಆ ದಪ್ಪ ಕಲ್ಲನ್ನೇ ಒಪ್ಪಿಸಿ ಮನೆಗೆ ಹೋಗ್ತಿದ್ದೆ. ಋಣ ನಂದೇ. ಈಗ ಇದು ಹೆಂಗಿದೆ ಹೇಳು, ಮುಲಾಜು ಬೇಡ."

ಏಣಿ ತಲೆ ಓರೆ ಮಾಡಿ ನೋಡಿದ. "ತಲೆಗೆ ಮೊಟಕ್ತಿರೋ ಹಾಗಿದೆ."

ಹೌದೆನ್ನಿಸಿತು. ಗೆರೆಯ ತುದಿ ಮೊನಚಾಗಿತ್ತು, ಅದಕ್ಕೆ. ತುದಿಯನ್ನು ಉರುಟಾಗಿಸಿದಳು. ಇಳಿ ಕು ಅಕ್ಷರಕ್ಕೆ ತಾಗಿದರೆ ಪಂಜರದಂತೆ ಕಾಣುವುದು. ದೂರ ಸರಿಸಿದರೆ ಗಾಳಿಗೆ ಹಾರಿಹೋದ ಕೊಡೆ. ಎರಡರ ನಡುವೆ ಎಲ್ಲೋ ಒಂದು ಅಂತರವಿದೆ, ಅತ್ತೆಯ ತೋಳಿಗೂ ತನ್ನ ಎದೆಗೂ ನಡುವೆ ಇದ್ದಷ್ಟು. ಅದನ್ನು ಹುಡುಕುವುದರಲ್ಲೇ ದಿನಗಳು ಹೋದವು. ಏಣಿ ಟ್ರೇಸಿಂಗ್ ಹಾಳೆಯ ಎರಡು ಮೂಲೆ ಹಿಡಿದು ನಿಲ್ಲುವನು, ಅವಳು ಕೂದಲೆಳೆಯಷ್ಟು ಆಚೆ ಈಚೆ ಸರಿಸುವಳು. ಮೇಷ್ಟ್ರು ಹಾದುಹೋಗುವಾಗ ನಿಂತು ನೋಡಿ ಒಂದೇ ಮಾತು ಹೇಳಿದರು. "ಗೆರೆ ಬರೀತಿದೀಯ ಅನ್ಕೋಬೇಡ. ಗೆರೆ ಕೆಳಗಿರೋ ಬಿಳೀ ಜಾಗ ಬರೀತಿದೀಯ ಅನ್ಕೋ." ಅದಾದ ಮೇಲೆ ಅವಳು ಗೆರೆಯನ್ನು ಬಿಟ್ಟು ಅದರ ಕೆಳಗಿನ ಬಿಳುಪನ್ನೇ ನೋಡುತ್ತ ಬರೆದಳು. ಒಂದು ಮಧ್ಯಾಹ್ನ ಇಳಿ ಎಲ್ಲಿ ಇಳಿಯಬೇಕಿತ್ತೋ ಅಲ್ಲಿ ಇಳಿಯಿತು. ಏಣಿ ಹಿಡಿದಿದ್ದ ಮೂಲೆಗಳನ್ನು ಮೆಲ್ಲಗೆ ಬಿಟ್ಟು ಹಿಂದೆ ಸರಿದು ನಿಂತ.

ವರ್ಷದ ಪ್ರದರ್ಶನ ಕಾಲೇಜಿನ ಉದ್ದ ಪಡಸಾಲೆಯಲ್ಲಿ. ಅತ್ತೆ ಎರಡು ಪಾಳಿಗಳ ನಡುವೆ ಬಿಡುವು ಮಾಡಿಕೊಂಡು ಯೂನಿಫಾರ್ಮಿನಲ್ಲೇ ಬಂದಳು. ಮೊಳೆ ಕೈಹಿಡಿದು ಕರೆದುಕೊಂಡು ಹೋಗಲು ನೋಡಿದರೆ, "ತೋರಿಸ್ಬೇಡ. ನಿಂದು ಯಾವ್ದು ಅಂತ ನಾನೇ ಹುಡುಕ್ತೀನಿ" ಎಂದು ಒಂದು ಕಡೆಯಿಂದ ಶುರು ಮಾಡಿದಳು. ಏಣಿ ಬರೆದಿದ್ದ 'ತಡಿ' ಎಂಬ ಪದದ ಎರಡು ಅಕ್ಷರಗಳ ನಡುವೆ ಒಂದು ಮಾರು ಖಾಲಿ ಜಾಗವಿತ್ತು. ಅದನ್ನು ನೋಡಿ, "ಇವನ ಮನೇಲಿ ಯಾರಿಗೋ ಸ್ನಾನಕ್ಕೆ ತುಂಬ ಹೊತ್ತು ಹಿಡಿಯತ್ತೆ" ಎಂದಳು. ಏಣಿ ಬಾಯಿ ಬಿಟ್ಟುಕೊಂಡು ನಿಂತ. ಅದು ಬಚ್ಚಲಿನ ಒಳಗಿಂದ ಅವನ ಅಕ್ಕ ದಿನಾ ಕೂಗುವ ಮಾತೇ ಆಗಿತ್ತು.

ಮೊಳೆಯ ಹಾಳೆಯ ಮುಂದೆ ಬಂದಾಗ ಅತ್ತೆಯ ಬೂಟಿನ ಸದ್ದು ನಿಂತಿತು.

ಮೊಳೆ ಹಿಂದೆ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದಳು. ಅರ್ಥವಾಗುತ್ತದೆಯೇ? ಅರ್ಥವಾದರೆ ಏನನ್ನುತ್ತಾಳೆ? ಅತ್ತೆ ಬೆರಳು ಎತ್ತಿ, ಹಾಳೆಗೆ ತಾಗಿಸದೆ, ಕು ಅಕ್ಷರವನ್ನು ತೋರಿಸಿದಳು.

"ಈ ಚಿಕ್ಕದು ನಾನಾ?"

"ಅಯ್ಯೋ, ಅತ್ತೆ, ಅದು ನಾನು. ದೊಡ್ಡದು ನೀನು. ಅದು ನಿನ್ನ ತೋಳು."

"ಹೌದಾ?" ಅತ್ತೆ ಮತ್ತೆ ನೋಡಿದಳು, ನಂಬಿಕೆ ಬಾರದವಳಂತೆ. "ನಂಗೆ ಹಂಗೆ ಕಾಣ್ಲೇ ಇಲ್ಲ ನೋಡು. ಮೊದ್ಲು ಕಣ್ಣಿಗೆ ಬಿದ್ದಾಗ, ಇದ್ಯಾರೋ ತಲೆ ತಗ್ಗಿಸ್ಕೊಂಡು ಆಸರೆಗೆ ನಿಂತಿದಾರಲ್ಲ, ಇದು ನಾನೇ ಅನ್ನಿಸ್ತು."

"ನೀನ್ಯಾಕೆ?"

ಅತ್ತೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಳು. "ನೀನು ಬರೋಕ್ ಮುಂಚೆ ನಾನು ಕಡೇ ಟ್ರಿಪ್ಪನ್ನ ಕೇಳಿ ಕೇಳಿ ತಗೊಳ್ತಿದ್ದೆ ಕಣೇ. ಎಲ್ರೂ ನನ್ನ ಕೆಲಸದ ಹುಚ್ಚಿ ಅಂತಿದ್ರು. ಮನೆಗೆ ಹೋಗಿ ಏನ್ ಮಾಡ್ಲಿ? ಬಾಗಿಲು ತೆಗೆದ್ರೆ ನಾಲ್ಕು ಗೋಡೆ. ನಿಮ್ಮಮ್ಮ ಆಗಾಗ ಕರೆದು ಊಟ ಹಾಕೋಳು, ಅಷ್ಟೇ ನಂಗಿದ್ದ ನೆಂಟಸ್ತಿಕೆ. ಆಮೇಲೆ ನೀನು ಬಂದೆ. ಮೊದಲ್ನೇ ಪಾಳಿ ಕೊಡಿ, ಮಗು ಕಾಯ್ತಿರತ್ತೆ ಅಂತ ಮ್ಯಾನೇಜರ್ ಹತ್ರ ಜಗಳ ಆಡ್ದೆ. ಮಗು ಕಾಯ್ತಿರತ್ತೆ! ಆ ಮಾತು ಹೇಳೋಕೆ ನಂಗೆಷ್ಟು ಜಂಬ ಗೊತ್ತಾ? ಎಲ್ರೂ ನಾನು ನಿನ್ನ ಸಾಕ್ದೆ ಅಂತಾರೆ. ಯಾರು ಯಾರನ್ನ ಸಾಕಿದ್ರೋ, ಲೆಕ್ಕ ಹಾಕಿದ್ಯಾರು?"

ಇಷ್ಟು ವರ್ಷ ಮೊಳೆ ತಾನು ಎದುರು ಬಾಗಿಲಿನಿಂದ ಬಂದ ಹೊರೆ ಎಂದೇ ಒಳಗೊಳಗೆ ಅಂದುಕೊಂಡಿದ್ದಳು. ಅವಳು ಬರೆದ ಅಕ್ಷರವನ್ನೇ ಅತ್ತೆ ತಲೆಕೆಳಗಾಗಿ ಓದಿ, ಆ ಹೊರೆಯನ್ನು ಒಂದೇ ಮಾತಿನಲ್ಲಿ ಇಳಿಸಿಬಿಟ್ಟಿದ್ದಳು.

"ಅತ್ತೆ, ನಾನು ಒಂದು ಮಾತು ಹೇಳ್ತೀನಿ. ಪೂರ್ತಿ ಕೇಳ್ಬೇಕು."

ಅತ್ತೆ ಅಭ್ಯಾಸದಂತೆ ಬಾಯಿ ತೆರೆದಳು. ಗೋಡೆಯ ಮೇಲಿನ ಎರಡಕ್ಷರ ನೋಡಿದಳು. ಬಾಯಿ ಮುಚ್ಚಿಕೊಂಡಳು.

ಮೊಳೆ ಹೇಳಿದಳು. ತನಗೆ ಜ್ವರ ಬಂದಾಗ ಹಣೆಯ ಮೇಲಿದ್ದ ಒದ್ದೆಬಟ್ಟೆಯನ್ನು, ತಟ್ಟೆಗೆ ಅಡ್ಡ ಬಂದ ಅಂಗೈಯನ್ನು, ಶಾಲೆಯ ಬಾಗಿಲಲ್ಲಿ ಯೂನಿಫಾರ್ಮಿನಲ್ಲೇ ಬಂದು ನಿಂತು ಆ ಹಾಡು ನಿಲ್ಲಿಸಿದ್ದನ್ನು, ಅಮ್ಮನ ಜಾಗವನ್ನು ಇವತ್ತಿಗೂ ಅಮ್ಮನಿಗೇ ಉಳಿಸಿಕೊಟ್ಟದ್ದನ್ನು. ಮಾತು ಅಡ್ಡಾದಿಡ್ಡಿಯಾಯಿತು, ನಡುವೆ ಮೂಗು ಸೋರಿತು. ಅತ್ತೆ ಒಂದನ್ನೂ ತಡೆಯದೆ ನೆಟ್ಟಗೆ ನಿಂತು ಕೇಳಿಸಿಕೊಂಡಳು. ಮುಗಿದ ಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಮೊದಲು ತನ್ನ ಕಣ್ಣೊರೆಸಿಕೊಂಡು, ಆಮೇಲೆ ಅದನ್ನೇ ಮೊಳೆಗೆ ಕೊಟ್ಟಳು.

ಅಷ್ಟರಲ್ಲಿ ಮೇಷ್ಟ್ರು ಆ ಕಡೆ ಬಂದರು. "ಮೇಷ್ಟ್ರೇ, ನಮ್ಮ ಹುಡುಗೀಗೆ ಕೇಳೋದು ಕಲಿಸಿದೀರ," ಎಂದಳು ಅತ್ತೆ, ಕೈ ಮುಗಿದು. "ನಿಮ್ಮ ಉಪಕಾರ ದೊಡ್ಡದು." ಮೇಷ್ಟ್ರು ನಾಚಿಕೊಂಡು ಏನು ಮಾಡಬೇಕೆಂದು ತಿಳಿಯದೆ ಕನ್ನಡಕಕ್ಕಾಗಿ ಜೇಬು ತಡಕಿದರು. ಅದು ಎಲ್ಲಿದೆ ಎಂದು ಅತ್ತೆಯೇ ಹೇಳಬೇಕಾಯಿತು.

ಪ್ರದರ್ಶನ ಮುಗಿದ ಮೇಲೆ ಹಾಳೆಯ ಒಂದು ಪ್ರತಿ ತನಗೆ ಬೇಕೆಂದು ಅತ್ತೆ ಹಟ ಹಿಡಿದಳು. ಮನೆಗಿರಬಹುದು ಎಂದುಕೊಂಡು ಮೊಳೆ ಚೌಕಟ್ಟು ಹಾಕಿಸಿ ಕೊಟ್ಟರೆ, ಅದು ಡಿಪೋದ ವಿಶ್ರಾಂತಿ ಕೋಣೆಯ ಗೋಡೆ ಸೇರಿತು, ಟೈಮ್‌ಟೇಬಲ್ಲಿನ ಪಕ್ಕದಲ್ಲಿ. ಕೆಲವು ದಿನ ಬಿಟ್ಟು ಅತ್ತೆ ಮರೆತುಹೋದ ಊಟದ ಡಬ್ಬಿ ಕೊಡಲು ಮೊಳೆ ಅಲ್ಲಿಗೆ ಹೋದಾಗ ಒಳಗೆ ಜೋರು ವಾದ ನಡೆದಿತ್ತು.

"ದೊಡ್ಡದು ಸ್ಟಾಪಿನ ಚಾವಣಿ, ಚಿಕ್ಕದು ಪ್ಯಾಸೆಂಜರು. ಎಷ್ಟು ಸಲ ಹೇಳ್ಲಿ?" ಎನ್ನುತ್ತಿದ್ದ ಮೀಸೆಯ ಕಂಡಕ್ಟರು.

"ಹೋಗಯ್ಯ, ಅದು ಅಣ್ಣ ತಮ್ಮ. ಅಣ್ಣ ಹೆಗಲ ಮೇಲೆ ಕೈ ಹಾಕಿದಾನೆ," ಎಂದ ಎಣ್ಣೆ ಕೈಯ ಮೆಕ್ಯಾನಿಕ್ಕು, ಹೇಳುತ್ತ ಹೇಳುತ್ತ ಯಾಕೋ ದನಿ ತಗ್ಗಿಸಿ. "ನಮ್ಮಣ್ಣ ಹಿಂಗೇ ನಿಂತ್ಕೊಳ್ತಿದ್ದ."

ಬಾಗಿಲಲ್ಲಿ ಮೊಳೆಯನ್ನು ಕಂಡದ್ದೇ ಎಲ್ಲರೂ ಒಟ್ಟಿಗೆ ಅವಳ ಕಡೆ ತಿರುಗಿದರು. ಯಾರೋ ಕುರ್ಚಿ ಎಳೆದು ಹಾಕಿದರು, ಯಾರೋ ಚಹಾ ಬಗ್ಗಿಸಿದರು. ಬರೆದವಳೇ ಬಂದಳಲ್ಲ, ಈಗ ಇತ್ಯರ್ಥವಾಗಲಿ ಎಂದರು. ಮೊಳೆ ಚಹಾದ ಲೋಟ ತೆಗೆದುಕೊಂಡು ಮೆಕ್ಯಾನಿಕ್ಕಿನ ಪಕ್ಕದಲ್ಲಿ ಕೂತಳು. "ನಿಮ್ಮಣ್ಣನ ವಿಷಯ ಹೇಳಿ," ಎಂದಳು.